ಕಡಲು ಬರೆಯುವ ದಿನಚರಿ

ನೆಲ ಬರಿಯ 32 ಚದರ ಕಿಲೋಮೀಟರು. ಅದರ ನೂರು ಮಡಿಗೂ ಮೀರಿ ಹಬ್ಬಿರುವ ತಿಳಿನೀಲಿ ನೀರು. ಮಳೆಗಾಲ ಹಿಂದೆ ಸರಿಯುತ್ತಲೇ ಲಕ್ಷದ್ವೀಪದ ಕಡಲದಾರಿ ಮತ್ತೆ ತೆರೆಯುತ್ತದೆ. ಅಲ್ಲಿ ಹೋಗಿ ಮಾಡುವುದೇನು? ಈಜುವುದು, ಮುಳುಗುವುದು, ಗೋಪುರವೇರುವುದು, ಮೀನಿನ ಬೇಟೆ ನೋಡುವುದು, ಕುಣಿತಕ್ಕೆ ತಲೆದೂಗುವುದು, ಎಲ್ಲವೂ ಉಂಟು. ಗಡಿಯಾರ ಮಾತ್ರ ನಿಮ್ಮದಲ್ಲ, ಸಮುದ್ರದ್ದು.

ಬೆಳಗಿನ ಮೊದಲ ಬೆಳಕು ನೀರಿನ ಮೇಲೆ ಹರಡುವ ಹೊತ್ತಿಗೆ, ರಾತ್ರಿಯೆಲ್ಲ ಕೊಚ್ಚಿಯಿಂದ ಪಶ್ಚಿಮಾಭಿಮುಖವಾಗಿ ಸಾಗಿಬಂದ ಹಡಗು, ದ್ವೀಪವನ್ನು ಕಂಡೂ ಮುಟ್ಟಲೊಲ್ಲದೆ, ಹವಳದ ದಿಬ್ಬದಿಂದಾಚೆ ಕಡುನೀಲಿಯ ಆಳದಲ್ಲಿಯೇ ನಿಂತುಬಿಡುತ್ತದೆ. ಅದರ ಪಾರ್ಶ್ವದ ಬಾಗಿಲು ತೆರೆಯುತ್ತದೆ. ಕೆಳಗೆ ಮೋಟಾರು ದೋಣಿಯೊಂದು ಅಲೆಯೊಡನೆ ಆಳೆತ್ತರ ಏರುತ್ತದೆ, ಆಳೆತ್ತರ ಇಳಿಯುತ್ತದೆ.

ಅಲೆಯು ದೋಣಿಯನ್ನು ಹೊಸ್ತಿಲ ಮಟ್ಟಕ್ಕೆ ಎತ್ತಿಕೊಟ್ಟ ಆ ಒಂದು ಕ್ಷಣದಲ್ಲಿ, ಮೇಲಿನ ನಾವಿಕನು ಬಿಟ್ಟ ತೋಳನ್ನು ಕೆಳಗಿನ ನಾವಿಕನು ಹಿಡಿಯುವಷ್ಟರೊಳಗಾಗಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ ಅಜ್ಜಿಯೂ ಮೊಬೈಲನ್ನು ಎದೆಗವಚಿಕೊಂಡ ಮೊಮ್ಮಗನೂ ನೆಲದ ಮೇಲಿನ ಸಕಲ ಭರವಸೆಗಳನ್ನೂ ತೊರೆದು ಹೆಜ್ಜೆಯೆತ್ತಬೇಕು. ಮುಂಚೆಯೂ ಆಗದು, ತಡವೂ ಆಗದು.

ದೋಣಿ ದಿಬ್ಬದ ಕಂಡಿಯನ್ನು ದಾಟುತ್ತಲೇ ಕಡಲಿನ ಗದ್ದಲವೆಲ್ಲ ಹಿಂದೆ ಉಳಿಯುತ್ತದೆ. ಕಡುನೀಲಿಯು ಹಸುರುನೀಲಿಯಾಗಿ, ಹಸುರುನೀಲಿಯು ತಿಳಿಹಸುರಾಗಿ, ಕಡೆಗೆ ಬಣ್ಣವೆಂಬುದೇ ಕಳೆದು ತಳದ ಮರಳಿನ ಮೇಲೆ ದೋಣಿಯ ನೆರಳು ಓಡುವುದು ಕಾಣತೊಡಗಿದಾಗ, ಪ್ರವಾಸಿಯು ಲಗೂನಿನೊಳಕ್ಕೆ, ಎಂದರೆ ಹವಳದ ದಂಡೆಯು ಸಾಗರದಿಂದ ಬೇರ್ಪಡಿಸಿ ಕಾಪಾಡಿರುವ ಶಾಂತವಾದ ಜಲಾಶಯದೊಳಕ್ಕೆ, ಬಂದನೆಂದು ತಿಳಿಯಬೇಕು.

2024ರ ಜನವರಿಯಲ್ಲಿ ಪ್ರಧಾನಿ ನರೇಂದ್ರ ಮೋದಿಯವರು ಈ ನೀರಿನಲ್ಲಿ ಸ್ನಾರ್ಕೆಲ್ ಧರಿಸಿ ಇಳಿದ ಚಿತ್ರಗಳು ಪ್ರಕಟವಾದ ಮೇಲೆ, ಅದುವರೆಗೆ ಭೂಪಟದಲ್ಲಿ ಕೆಲವು ಚುಕ್ಕೆಗಳಾಗಿದ್ದ ಲಕ್ಷದ್ವೀಪವು ದೇಶದ ಮನೆಮನೆಯ ಮಾತಾಯಿತು. ಅಂದಿನಿಂದ ಪ್ರತಿ ವರ್ಷವೂ ಅಕ್ಟೋಬರಿನಲ್ಲಿ ಕಡಲು ಶಾಂತವಾಗುತ್ತಿದ್ದಂತೆ ಅದೇ ಪ್ರಶ್ನೆ ಮರಳಿ ಏಳುತ್ತದೆ: ಮಾಲ್ ಇಲ್ಲದ, ಇರುಳಿನ ಪೇಟೆಯಿಲ್ಲದ, ಒಂದು ತುದಿಯಿಂದ ಇನ್ನೊಂದು ತುದಿಗೆ ಸೈಕಲ್ಲಿನಲ್ಲಿ ಹೋಗಿಬರಬಹುದಾದ ಆ ದ್ವೀಪಗಳಲ್ಲಿ ಕಾಲ ಕಳೆಯುವುದೆಂತು?

ಉತ್ತರ ಸರಳ. ಇಲ್ಲಿ ವಿನೋದಗಳು ಅನೇಕ ಉಂಟು. ಆದರೆ ಒಂದನ್ನಾದರೂ ಪ್ರವಾಸಿಯ ಇಚ್ಛೆಗೆ ತಕ್ಕಂತೆ ಹಿಂದುಮುಂದು ಮಾಡಲಾಗದು. ಹಡಗಿನಿಂದ ಇಳಿಯುವ ಆ ಮೊದಲ ಹೆಜ್ಜೆಯ ನಿಯಮವೇ ಉಳಿದ ದಿನಗಳ ನಿಯಮವೂ ಹೌದು.

> ಅಂಕಿಗಳಲ್ಲಿ ದ್ವೀಪಸಮೂಹ
>
> • ಒಟ್ಟು ದ್ವೀಪಗಳು 36. ಜನವಸತಿ ಇರುವವು 10.
>
> • ನೆಲದ ವಿಸ್ತಾರ ಸುಮಾರು 32 ಚದರ ಕಿ.ಮೀ.; ಲಗೂನುಗಳ ವಿಸ್ತಾರ ಸುಮಾರು 4,200 ಚದರ ಕಿ.ಮೀ.
>
> • 2011ರ ಜನಗಣತಿಯಂತೆ ಜನಸಂಖ್ಯೆ 64,473. ಅತಿ ಚಿಕ್ಕ ವಸತಿ ಬಿತ್ರಾ; ಅಲ್ಲಿದ್ದವರು 271 ಮಂದಿ.
>
> • ಕೇಂದ್ರಾಡಳಿತ ಪ್ರದೇಶವಾದದ್ದು 1956ರ ನವೆಂಬರ್ 1ರಂದು. ಲಕ್ಷದ್ವೀಪವೆಂಬ ಇಂದಿನ ಹೆಸರು ಬಂದದ್ದು 1973ರಲ್ಲಿ. ರಾಜಧಾನಿ ಕವರತ್ತಿ.

ಬೆಂಕಿಯ ಮೇಲೆ ಕಟ್ಟಿದ ಮನೆ

ನೀರಿಗೆ ಇಳಿಯುವ ಮೊದಲು ಆ ನೀರಿನ ಕೆಳಗಿರುವುದೇನೆಂದು ತಿಳಿಯುವುದು ಲೇಸು. ಏಕೆಂದರೆ ಇಲ್ಲಿಯ ಅರ್ಧ ಆನಂದ ಆ ತಿಳಿವಿನಲ್ಲಿದೆ.

ಸುಮಾರು 6.6 ಕೋಟಿ ವರ್ಷಗಳ ಹಿಂದೆ, ಇಂದು ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದ ಕೆಳಗಿರುವ ಭೂಗರ್ಭದ ತಪ್ತಸ್ಥಾನವೊಂದರ ಮೇಲೆ ಭಾರತದ ಭೂಫಲಕವು ಹಾದುಹೋಗುತ್ತಿದ್ದಾಗ, ಲಾವಾರಸವು ಉಕ್ಕಿ ಹರಿದು ದಖ್ಖನಿನ ಕಪ್ಪುಕಲ್ಲಿನ ಪ್ರಸ್ತಭೂಮಿಯು ನಿರ್ಮಾಣವಾಯಿತು. ಫಲಕವು ಉತ್ತರಕ್ಕೆ ಸರಿದಂತೆಲ್ಲ ಆ ಬೆಂಕಿಯ ಗುರುತು ದಕ್ಷಿಣಕ್ಕೆ ಸಾಲಾಗಿ ಉಳಿಯಿತು. ಲಕ್ಷದ್ವೀಪ, ಮಾಲ್ಡೀವ್ಸ್, ಚಾಗೋಸ್ ಎಂಬ ಮೂರು ದ್ವೀಪಸ್ತೋಮಗಳು ನಿಂತಿರುವ ಜಲಾಂತರ್ಗತ ಪರ್ವತಶ್ರೇಣಿಯು ಈ ಗುರುತೇ ಎಂಬುದು ಭೂವಿಜ್ಞಾನಿಗಳಲ್ಲಿ ಬಹುಮಂದಿಯ ಮತ. ಅದು ನಿಜವಾದರೆ ವಿಜಯಪುರದ ಗೋಳಗುಮ್ಮಟವನ್ನು ಎತ್ತಿನಿಲ್ಲಿಸಿದ ಕಗ್ಗಲ್ಲೂ ಲಕ್ಷದ್ವೀಪದ ತಳಪಾಯವೂ ಒಂದೇ ಅಗ್ನಿಯ ಸಂತಾನ.

ಇಂತಹ ಬೆಂಕಿಬೆಟ್ಟವು ಕುಸಿಯುತ್ತ ಹೋದಂತೆ ಅದರ ಅಂಚಿನಲ್ಲಿ ಹವಳವು ಬೆಳೆಯುತ್ತ ಬಂದು, ಕಡೆಗೆ ಬೆಟ್ಟ ಮುಳುಗಿ ಹವಳದ ವರ್ತುಲವೊಂದೇ ಉಳಿಯುವುದೆಂದು ಚಾರ್ಲ್ಸ್ ಡಾರ್ವಿನನು 1842ರಷ್ಟು ಹಿಂದೆಯೇ ಪ್ರತಿಪಾದಿಸಿದ್ದನು. ಕಟ್ಟುವವನು ಪಾಲಿಪ್ ಎಂಬ ಅಲ್ಪಜೀವಿ. ಅದರ ಅಂಗಾಂಶದೊಳಗೆ ವಾಸಿಸುವ ಸೂಕ್ಷ್ಮ ಪಾಚಿಯು ಬಿಸಿಲಿನಿಂದ ಆಹಾರವನ್ನು ತಯಾರಿಸಿ ಅದರ ಬಹುಪಾಲನ್ನು ಆತಿಥೇಯನಿಗೆ ಸಲ್ಲಿಸುತ್ತದೆ. ಆತಿಥೇಯನು ಸುಣ್ಣದ ಗೂಡನ್ನು ಕಟ್ಟುತ್ತಾನೆ. ನಾವು ಕಾಲಿಡುವ ಪ್ರತಿಯೊಂದು ಹಿಡಿ ನೆಲವೂ ಈ ಒಪ್ಪಂದದ ಫಲ.

ಎದೆಮಟ್ಟದ ನೀರಿನ ವೈಭವ

ಮೊದಲ ವಿನೋದವು ಅಗ್ಗವಾದದ್ದು, ಸುಲಭವಾದದ್ದು, ಮತ್ತು ಬಹುಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು: ಮುಖಕ್ಕೊಂದು ಗಾಜಿನ ಕವಚ, ಬಾಯಿಗೊಂದು ಕೊಳವೆ, ಕಾಲಿಗೆ ರಬ್ಬರಿನ ರೆಕ್ಕೆ. ಇಷ್ಟನ್ನು ಧರಿಸಿ ಲಗೂನಿನ ಮೇಲೆ ಬೋರಲಾಗಿ ತೇಲಿಕೊಂಡು, ಕೆಳಗಣ ಲೋಕವನ್ನು ನೋಡುತ್ತ ಇರುವುದೇ ಸ್ನಾರ್ಕೆಲಿಂಗ್. ಈಜು ಬಾರದವರಿಗೂ ತೇಲುವ ಅಂಗಿ ಉಂಟು. ಜೊತೆಗೆ ಒಬ್ಬ ದ್ವೀಪವಾಸಿ ತರುಣನ ಕೈ ಉಂಟು.

ತಲೆಯನ್ನು ನೀರಿನೊಳಕ್ಕೆ ಬಾಗಿಸಿದ ಕೂಡಲೆ ಮೊದಲು ತಿಳಿಯುವುದು ಸದ್ದು. ಮೌನವಾಗಿದೆಯೆಂದು ನಾವು ಭಾವಿಸಿದ ಆ ಜಗತ್ತಿನಲ್ಲಿ ಕಟಕಟನೆ ಏನನ್ನೋ ಕಡಿಯುವ ಶಬ್ದ ಎಡೆಬಿಡದೆ ಕೇಳಿಬರುತ್ತದೆ. ಅದರಲ್ಲೊಂದು ಪಾಲು ಗಿಳಿಮೀನಿನದು. ಹಸುರು, ನೀಲಿ, ಗುಲಾಬಿಗಳನ್ನೆಲ್ಲ ಮೈಮೇಲೆ ಹೊತ್ತ ಈ ಮೀನು ಕೊಕ್ಕಿನಂತಹ ತನ್ನ ಹಲ್ಲಿನಿಂದ ಹವಳದ ಬಂಡೆಯನ್ನೇ ಕೆರೆದು, ಅದಕ್ಕಂಟಿದ ಪಾಚಿಯನ್ನು ಜೀರ್ಣಿಸಿಕೊಂಡು, ಪುಡಿಯಾದ ಕಲ್ಲನ್ನು ಶುಭ್ರವಾದ ಮರಳಾಗಿ ವಿಸರ್ಜಿಸುತ್ತದೆ. ನವವಿವಾಹಿತರು ಕೈಕೈ ಹಿಡಿದು ನಡೆದು ಫೋಟೋ ತೆಗೆಸಿಕೊಳ್ಳುವ ಆ ಹಾಲುಬಿಳುಪಿನ ದಂಡೆಯ ಗಣನೀಯ ಭಾಗವು ಮೀನಿನ ಮಲವೆಂಬುದನ್ನು ಅವರಿಗೆ ಹೇಳುವ ಹೊಣೆಯನ್ನು ಈ ಬರಹವು ವಹಿಸಿಕೊಂಡಿದೆ.

ಮುಂದೆ ನೋಡುತ್ತ ಹೋದಂತೆ ಸಮಾಜವೇ ಬಿಚ್ಚಿಕೊಳ್ಳುತ್ತದೆ. ಮುಟ್ಟಿದವರನ್ನು ಸುಡುವ ಸಮುದ್ರಪುಷ್ಪದ ಎಸಳುಗಳ ನಡುವೆ ಕಿತ್ತಲೆ ಬಣ್ಣದ ಕೋಡಂಗಿಮೀನು ನಿರ್ಭಯವಾಗಿ ಸಂಸಾರ ಹೂಡಿರುತ್ತದೆ. ಅದರ ಮನೆಯ ಯಜಮಾನಿ ಸತ್ತರೆ ಗಂಡೇ ಹೆಣ್ಣಾಗಿ ಮಾರ್ಪಟ್ಟು ಆ ಸ್ಥಾನವನ್ನು ತುಂಬುತ್ತದೆ. ಇನ್ನೊಂದೆಡೆ ಬೆರಳುದ್ದದ ಶುಚಿಕಾರ ಮೀನೊಂದು ತನಗಿಂತ ನೂರುಪಾಲು ದೊಡ್ಡದಾದ ಮೀನಿನ ತೆರೆದ ಬಾಯೊಳಕ್ಕೆ ನುಗ್ಗಿ, ಹಲ್ಲಿನ ಸಂದಿನ ಪರೋಪಜೀವಿಗಳನ್ನು ಆರಿಸಿ ತಿಂದು, ಕ್ಷೇಮವಾಗಿ ಹೊರಬರುತ್ತದೆ.

ಅಗತ್ತಿಯ ಲಗೂನಿನಲ್ಲಿ ಹಸಿರು ಕಡಲಾಮೆಗಳು ಕಡಲಹುಲ್ಲನ್ನು ಮೇಯುತ್ತ ತಿರುಗುತ್ತವೆ. ಅವುಗಳ ಹಿಂದೆ ಬೀಳಬಾರದು. ಸುಮ್ಮನೆ ತೇಲಿಕೊಂಡಿದ್ದರೆ ಅವೇ ಹತ್ತಿರ ಬಂದು, ಒಮ್ಮೆ ನೋಡಿ, ಉಸಿರಿಗಾಗಿ ತಲೆಯೆತ್ತಿ, ಮತ್ತೆ ಮೇವಿಗೆ ಮರಳುತ್ತವೆ.

ನೀರಿಗಿಳಿಯಲು ಒಲ್ಲದ ಹಿರಿಯರಿಗೆ ಗಾಜಿನ ತಳದ ದೋಣಿಯಿದೆ. ತೋಳಿನ ಕಸುವನ್ನು ಪರೀಕ್ಷಿಸಿಕೊಳ್ಳಬೇಕೆನ್ನುವವರಿಗೆ ಕಯಾಕ್ ಇದೆ. ಗಾಳಿಯನ್ನು ನಂಬುವವರಿಗೆ ಹಾಯಿಹಲಗೆಯಿದೆ. ಇವೆಲ್ಲಕ್ಕೂ ಬೆಳಗಿನ ಹೊತ್ತು ಮೇಲು. ಬಿಸಿಲೇರಿ ಗಾಳಿ ಎದ್ದರೆ ನೀರಿನ ಮೈ ಮುರಿದು ತಳದ ಚಿತ್ರ ಕಲಸಿಹೋಗುತ್ತದೆ.

ದಿಬ್ಬದ ಆಚೆಗೆ

ಲಗೂನಿನ ಹೊರಗೆ, ಹವಳದ ಗೋಡೆಯು ಕಡಿದಾಗಿ ಪಾತಾಳಕ್ಕೆ ಇಳಿಯುವಲ್ಲಿ, ಸ್ಕೂಬಾ ಮುಳುಗುವಿಕೆಯ ರಾಜ್ಯ ಆರಂಭವಾಗುತ್ತದೆ. ಕನ್ನಡಿಗರಲ್ಲಿ ಅನೇಕರು ಈ ವಿದ್ಯೆಯ ಅಕ್ಷರಾಭ್ಯಾಸವನ್ನು ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಬಳಿ ಮಾಡಿರುತ್ತಾರೆ. ಅಲ್ಲಿ ಬಂಡೆಯ ಬುಡದಲ್ಲಿ ಕಂಡ ಮೀನುಗಳ ಬಂಧುಬಳಗವೆಲ್ಲ ಇಲ್ಲಿ ತನ್ನ ಸ್ವಂತ ನಗರದಲ್ಲಿ ನೆಲೆಸಿರುವುದನ್ನು ಕಡಮತ್, ಬಂಗಾರಂ, ಕವರತ್ತಿಗಳ ಹೊರಗೋಡೆಯಲ್ಲಿ ಕಾಣಬಹುದು.

ಹೊಸಬರನ್ನು ಶಿಕ್ಷಕನು ಕೈಹಿಡಿದು, ಸಾಮಾನ್ಯವಾಗಿ 12 ಮೀಟರಿಗೆ ಮೀರದಂತೆ ಇಳಿಸುತ್ತಾನೆ. ಪ್ರತಿ 10 ಮೀಟರಿಗೆ ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುವುದರಿಂದ ಕಿವಿ ಬಿಗಿಯುತ್ತದೆ. ಮೂಗು ಹಿಡಿದು ಮೆಲ್ಲನೆ ಊದಿ ಅದನ್ನು ಸಡಿಲಿಸಿಕೊಳ್ಳಬೇಕು. ಉಸಿರನ್ನು ಎಂದಿಗೂ ಕಟ್ಟಬಾರದು. ಇಷ್ಟು ಕಲಿತವನಿಗೆ ಉಳಿದುದನ್ನು ಕಡಲೇ ಕಲಿಸುತ್ತದೆ.

ಆಳಕ್ಕೆ ಹೋದಂತೆಲ್ಲ ಬಣ್ಣಗಳು ಒಂದೊಂದಾಗಿ ಬೀಳ್ಕೊಳ್ಳುತ್ತವೆ. ನೀರು ಮೊದಲು ಕೆಂಪನ್ನು ಹೀರಿಕೊಳ್ಳುವುದರಿಂದ ದೋಣಿಯ ಮೇಲೆ ರಕ್ತವರ್ಣವಾಗಿದ್ದ ಅಂಗಿ ಕೆಳಗೆ ಬೂದಿಯ ಬಣ್ಣಕ್ಕೆ ತಿರುಗುತ್ತದೆ. ಶಿಕ್ಷಕನು ದೀಪವನ್ನು ಹಿಡಿದೊಡನೆ ಬೂದುಬಂಡೆಯೆಂದು ತೋರಿದ್ದೆಲ್ಲ ಕುಂಕುಮವಾಗಿ, ಕೇಸರಿಯಾಗಿ ಹೊತ್ತಿಕೊಳ್ಳುತ್ತದೆ. ಸಿಂಹಮೀನು ತನ್ನ ವಿಷಮುಳ್ಳುಗಳ ಬೀಸಣಿಗೆಯನ್ನು ಬಿಚ್ಚಿ ಗಾಂಭೀರ್ಯದಿಂದ ಹಾದುಹೋಗುತ್ತದೆ. ಅದೃಷ್ಟವಿದ್ದರೆ ಮಾಂಟಾ ತೊರಕೆಮೀನೊಂದು ಮೇಲಿನ ಬೆಳಕನ್ನೇ ಮರೆಮಾಡಿ ತೇಲಿಹೋಗುವುದೂ ಉಂಟು.

ಹೀಗೆ ಮುಳುಗಿದವರು ಮಾರನೆಯ ದಿನದವರೆಗೆ ವಿಮಾನವೇರಬಾರದೆಂಬ ನಿಯಮವು ಶರೀರಶಾಸ್ತ್ರದ್ದು: ಒತ್ತಡದಲ್ಲಿ ರಕ್ತದೊಳಗೆ ಕರಗಿದ ಸಾರಜನಕವು ಎತ್ತರದಲ್ಲಿ ಗುಳ್ಳೆಯಾಗಿ ಹೊರಬಂದರೆ ಅಪಾಯ. ದಿನವೊಂದನ್ನು ದಂಡೆಯ ಮೇಲೆ ಕಳೆಯಲೇಬೇಕು. ಅದಕ್ಕೂ ಇಲ್ಲಿ ಕೆಲಸವಿದೆ.

> ನೀರಿಗಿಳಿಯುವವರಿಗೆ
>
> • ಸತ್ತ ಹವಳವನ್ನಾದರೂ ಹೆಕ್ಕಿ ಚೀಲಕ್ಕೆ ಹಾಕಬೇಡಿ. ಕಲ್ಲುಹವಳವು ವನ್ಯಜೀವಿ ಸಂರಕ್ಷಣಾ ಕಾಯಿದೆಯ ಒಂದನೆಯ ಅನುಸೂಚಿಗೆ ಸೇರಿದ್ದು.
>
> • ಹವಳದ ಮೇಲೆ ನಿಲ್ಲಬೇಡಿ. ದಣಿದರೆ ಬೆನ್ನಮೇಲೆ ತೇಲಿ.
>
> • ಬಿಸಿಲಿಗೆ ಲೇಪನಕ್ಕಿಂತ ಉದ್ದತೋಳಿನ ಈಜಂಗಿ ಮೇಲು. ಕೆಲವು ಲೇಪನಗಳ ರಾಸಾಯನಿಕ ಹವಳಕ್ಕೆ ವಿಷ.
>
> • ಮೀನುಗಳಿಗೆ ಬ್ರೆಡ್ಡು, ಬಿಸ್ಕತ್ತು ಹಾಕಬೇಡಿ. ಅವಕ್ಕೆ ಅಲ್ಲಿ ಉದ್ಯೋಗವಿದೆ.

ಇಳಿತದ ಹೊತ್ತು

ನೀರು ಇಳಿದು ದಿಬ್ಬದ ಬೆನ್ನು ಬಯಲಾಗುವ ಸಮಯಕ್ಕೆ ದ್ವೀಪದ ಗಂಡಸರೂ ಹೆಂಗಸರೂ ಸರಳು ಹಿಡಿದು ಆಕ್ಟೋಪಸ್ಸಿನ ಬೇಟೆಗೆ ಹೊರಡುತ್ತಾರೆ. ಹೊಸಬನ ಕಣ್ಣಿಗೆ ಬರಿಯ ಕಲ್ಲೂ ಪಾಚಿಯೂ ತೋರುವಲ್ಲಿ, ಅವರು ಒಂದು ಪೊಟರೆಯ ಮುಂದೆ ಚೆಲ್ಲಿದ ಏಡಿಯ ಚಿಪ್ಪನ್ನು ಕಂಡೇ ಒಳಗಿನ ನಿವಾಸಿಯನ್ನು ಊಹಿಸಬಲ್ಲರು. ಕ್ಷಣಕ್ಕೊಂದು ಬಣ್ಣ ತಾಳುವ ಆ ಪ್ರಾಣಿಯು ಬಂಡೆಯೋ ಜೀವವೋ ಎಂದು ನಾವು ಚರ್ಚಿಸುತ್ತಿರುವಷ್ಟರಲ್ಲಿ ಅವರ ಬುಟ್ಟಿ ಸೇರಿರುತ್ತದೆ. ಜೊತೆಗೆ ಹೋಗಲು ಅನುಮತಿ ಸಿಕ್ಕಿದರೆ ಅವರ ಹೆಜ್ಜೆಯ ಮೇಲೆಯೇ ಹೆಜ್ಜೆಯಿಟ್ಟು ನಡೆಯತಕ್ಕದ್ದು.

ಕಲ್ಪೇನಿಯಲ್ಲಿ ಇಳಿತವು ಬೇರೊಂದು ಸೊಗಸನ್ನು ತೆರೆಯುತ್ತದೆ. ತಿಲಕ್ಕಂ, ಪಿಟ್ಟಿ, ಚೆರಿಯಂ ಎಂಬ ಮರಿದ್ವೀಪಗಳನ್ನು ಮಡಿಲಲ್ಲಿರಿಸಿಕೊಂಡ ಅಲ್ಲಿಯ ಲಗೂನಿನಲ್ಲಿ ಕಯಾಕ್ ಹತ್ತಿ ಒಂದರಿಂದೊಂದಕ್ಕೆ ಸಾಗಬಹುದು. ದ್ವೀಪದ ಪೂರ್ವ ಮತ್ತು ಆಗ್ನೇಯ ತೀರದಲ್ಲಿ ಮುರಿದ ಹವಳದ ಕಲ್ಲುಗಳ ದೊಡ್ಡ ಒಡ್ಡೊಂದು ಬಿದ್ದಿದೆ. 1847ರ ಮಹಾಚಂಡಮಾರುತವು ಅದನ್ನು ಅಲ್ಲಿ ಎತ್ತಿಹಾಕಿತೆಂದು ಹೇಳುತ್ತಾರೆ. ಅದರ ಪಕ್ಕದಲ್ಲಿ ನಿಂತು ಲಗೂನಿನ ಸೌಮ್ಯತೆಯನ್ನು ನೋಡಿದಾಗ, ಈ ಸೌಮ್ಯತೆಯು ಕಡಲಿನ ಸ್ವಭಾವವಲ್ಲ, ದಿಬ್ಬದ ಸೇವೆ ಎಂಬುದು ಮನದಟ್ಟಾಗುತ್ತದೆ.

ಕವರತ್ತಿಯಲ್ಲಿ ಕಡಲಜೀವಿಗಳ ಸಂಗ್ರಹಾಲಯವಿದೆ. ಉಜ್ರಾ ಮಸೀದಿಯ ಮರದ ಮಾಳಿಗೆಯ ಸೂಕ್ಷ್ಮವಾದ ಕೆತ್ತನೆಯನ್ನೂ ನೋಡಬೇಕು. ಅಲೆಯಲ್ಲಿ ತೇಲಿಬಂದ ಒಂದೇ ದಿಮ್ಮಿಯಿಂದ ಅದನ್ನು ಕೊರೆದರೆಂಬುದು ದ್ವೀಪದವರ ಐತಿಹ್ಯ.

> ದ್ವೀಪದ ನಾರು, ಮಂಗಳೂರಿನ ಅಕ್ಕಿ
>
> ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ಎಂಬ ಐದು ಉತ್ತರದ ದ್ವೀಪಗಳು ಒಂದು ಕಾಲಕ್ಕೆ ದಕ್ಷಿಣ ಕನ್ನಡ ಜಿಲ್ಲೆಯ ಭಾಗವೇ ಆಗಿದ್ದವು. ಕಣ್ಣಾನೂರಿನ ಅರಕ್ಕಲ್ ಮನೆತನದ ಆಡಳಿತಕ್ಕೆ ಬೇಸತ್ತ ಅಮಿನಿಯವರು 1780ರ ದಶಕದಲ್ಲಿ ಟಿಪ್ಪು ಸುಲ್ತಾನನ ಮೊರೆಹೊಕ್ಕರು. ಅವನು ಈ ದ್ವೀಪಗಳನ್ನು ತನ್ನ ವಶಕ್ಕೆ ತೆಗೆದುಕೊಂಡನು.
>
> 1799ರಲ್ಲಿ ಅವು ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿ, ಮಂಗಳೂರಿನ ಆಡಳಿತಕ್ಕೆ ಒಳಪಟ್ಟವು. 1956ರವರೆಗೂ ಅವುಗಳ ಮೇಲಧಿಕಾರಿ ದಕ್ಷಿಣ ಕನ್ನಡದ ಕಲೆಕ್ಟರೇ.
>
> ನಾರಿನ ವ್ಯಾಪಾರವು ಸರಕಾರದ ಏಕಸ್ವಾಮ್ಯವಾಗಿತ್ತು. ದ್ವೀಪದವರು ತೆಂಗಿನ ನಾರಿನ ಹುರಿಯನ್ನು ಹಾಯಿಯ ಓಡಗಳಲ್ಲಿ ತಂದಿಳಿಸಿ ಅಕ್ಕಿಯನ್ನು ಕೊಂಡೊಯ್ಯುತ್ತಿದ್ದರು. ಇಂದಿಗೂ ಮಂಗಳೂರಿನ ಹಳೆಯ ಬಂದರಿನಿಂದ ತರಕಾರಿ, ದಿನಸಿ, ಕಟ್ಟಡದ ಸಾಮಗ್ರಿಗಳನ್ನು ಹೊತ್ತ ಮಂಜಿ ಎಂಬ ಸರಕುದೋಣಿಗಳು ದ್ವೀಪಗಳಿಗೆ ಹೊರಡುತ್ತವೆ.
>
> ತಾಯಿಯ ಕಡೆಯಿಂದ ಆಸ್ತಿ ಇಳಿಯುವ ಪದ್ಧತಿಯೂ ಅಲ್ಲಿ ಬಳಕೆಯಲ್ಲಿದೆ. ತುಳುನಾಡಿನ ಅಳಿಯಸಂತಾನವನ್ನು ಬಲ್ಲವರಿಗೆ ಅದು ಅಪರಿಚಿತವಾಗದು.

ಮಿನಿಕಾಯ್: ದೀಪ ಮತ್ತು ಗಾಳ

ದಕ್ಷಿಣದ ತುತ್ತತುದಿಯಲ್ಲಿ, ಒಂಬತ್ತು ಡಿಗ್ರಿ ಕಾಲುವೆಯ ಆಚೆಗೆ, ಏಕಾಂಗಿಯಾಗಿ ಮಲಗಿರುವ ಮಿನಿಕಾಯ್ ದ್ವೀಪವು ಉಳಿದ ದ್ವೀಪಗಳ ನೆಂಟನೆನ್ನುವುದಕ್ಕಿಂತ ಮಾಲ್ಡೀವ್ಸಿನ ತಮ್ಮನೆನ್ನಲು ಯೋಗ್ಯವಾದುದು. ಉಳಿದೆಡೆ ಮಲಯಾಳದ ಒಂದು ಉಪಭಾಷೆ ನಡೆಯುತ್ತಿರಲು, ಇಲ್ಲಿ ಮಹಲ್ ಭಾಷೆ. ಲಿಪಿಯು ಬಲದಿಂದ ಎಡಕ್ಕೆ. ಸೂಯೆಜ್ ಕಾಲುವೆ ತೆರೆದ ಮೇಲೆ ಕೆಂಪುಸಮುದ್ರದಿಂದ ಕೊಲಂಬೊ ಕಡೆಗೆ ಹೋಗುವ ಹಡಗುಗಳ ಹೆದ್ದಾರಿಯು ಈ ದ್ವೀಪದ ಬದಿಯಲ್ಲಿಯೇ ಬಿದ್ದುದರಿಂದ, ಬ್ರಿಟಿಷರು 1885ರಲ್ಲಿ ಇಲ್ಲಿ ಹತ್ತಿರ ಹತ್ತಿರ 50 ಮೀಟರು ಎತ್ತರದ ದೀಪಸ್ತಂಭವನ್ನು ಕಟ್ಟಿಸಿದರು.

ಅದರ ಸುರುಳಿಮೆಟ್ಟಿಲನ್ನು ಹತ್ತಿ ಹೊರಗಣ ಮೊಗಸಾಲೆಗೆ ಬಂದವನಿಗೆ ದ್ವೀಪವೆಂದರೇನೆಂಬುದು ಒಂದೇ ನೋಟದಲ್ಲಿ ವೇದ್ಯವಾಗುತ್ತದೆ: ತೆಂಗಿನ ಗರಿಗಳ ಒಂದು ಕಿರಿದಾದ ಪಟ್ಟೆ, ಒಂದು ಪಕ್ಕಕ್ಕೆ ಲಗೂನಿನ ಹಸುರು, ಮತ್ತೊಂದು ಪಕ್ಕಕ್ಕೆ ನೊರೆಯ ಬಿಳಿಗೆರೆ, ಅದರಾಚೆ ದಿಗಂತದವರೆಗೂ ಕಡುನೀಲಿ. ಎಲ್ಲಿಯೂ ಬೆಟ್ಟವಿಲ್ಲ, ಹೊಳೆಯಿಲ್ಲ. ಸಮುದ್ರಮಟ್ಟದಿಂದ ಕೆಲವೇ ಮೀಟರು ಮೇಲೆದ್ದ ಈ ನೆಲದಲ್ಲಿ ದೀಪಸ್ತಂಭವೊಂದೇ ಪರ್ವತ.

ಇಲ್ಲಿಯ ಟ್ಯೂನಾ ಬೇಟೆಯನ್ನು ಕಂಡವರು ಬಲೆಯ ಮೀನುಗಾರಿಕೆಯನ್ನು ಬೇರೆಯೇ ಕಣ್ಣಿನಿಂದ ನೋಡುತ್ತಾರೆ. ಮುಂಜಾವಿನಲ್ಲಿ ಲಗೂನಿನ ಸಣ್ಣ ಮೀನುಗಳನ್ನು ಹಿಡಿದು, ಕಡಲಿನ ನೀರು ಒಳಹೊರಗೆ ಹರಿಯುವಂತೆ ದೋಣಿಯ ಒಡಲಿನಲ್ಲಿಯೇ ಮಾಡಿದ ತೊಟ್ಟಿಯಲ್ಲಿ ಜೀವಂತವಾಗಿ ಇಟ್ಟುಕೊಂಡು ಹೊರಡುತ್ತಾರೆ. ಹಕ್ಕಿಗಳ ಗುಂಪು ಸುಳಿಯುವುದನ್ನು ಕಂಡು ಟ್ಯೂನಾದ ಹಿಂಡು ಇರುವ ಕಡೆಯನ್ನು ಅರಿಯುತ್ತಾರೆ. ಆ ಸಣ್ಣ ಮೀನುಗಳನ್ನು ನೀರಿಗೆಸೆದು, ಮೇಲಿಂದ ಮೇಲೆ ನೀರು ಎರಚಿ, ಮೀನಿನ ಮಂದೆಯೇ ಕುಣಿಯುತ್ತಿದೆಯೆಂಬ ಭ್ರಮೆಯನ್ನು ಹುಟ್ಟಿಸಿ, ಹಿಂಗೊಕ್ಕೆಯಿಲ್ಲದ ಗಾಳವನ್ನು ಕಟ್ಟಿದ ಕೋಲುಗಳನ್ನು ಸಾಲಾಗಿ ಬೀಸುತ್ತಾರೆ. ಕಚ್ಚಿದ ಮೀನು ತಲೆಯ ಮೇಲಿಂದ ಹಾರಿ ದೋಣಿಯೊಳಗೆ ಬಿದ್ದು, ತಾನಾಗಿಯೇ ಗಾಳದಿಂದ ಕಳಚಿಕೊಳ್ಳುತ್ತದೆ.

ಒಂದು ಗಾಳಕ್ಕೆ ಒಂದು ಮೀನು. ಬೇಡದ ಜೀವ ಬಲೆಗೆ ಸಿಕ್ಕಿ ಸಾಯುವ ಮಾತಿಲ್ಲ. ಹೀಗೆ ತಂದುದನ್ನು ಸೀಳಿ, ಉಪ್ಪುನೀರಿನಲ್ಲಿ ಬೇಯಿಸಿ, ಹೊಗೆಹಾಕಿ, ಬಿಸಿಲಿನಲ್ಲಿ ಕಲ್ಲಾಗುವಂತೆ ಒಣಗಿಸಿದರೆ ಅದು ಮಾಸ್, ತಿಂಗಳುಗಟ್ಟಲೆ ಕೆಡದು.

ಸಂಜೆಗೆ ಮಿನಿಕಾಯಿನವರ ಲಾವಾ ಕುಣಿತ. ಬಣ್ಣಬಣ್ಣದ ಉಡುಪೂ ಶಿರೋಭೂಷಣವೂ ತೊಟ್ಟ ಪುರುಷರು ಚರ್ಮವಾದ್ಯವನ್ನು ಕೊರಳಿಗೆ ತೂಗಿಕೊಂಡು ಬಾರಿಸುತ್ತ, ಆರಂಭದಲ್ಲಿ ವಿಳಂಬವಾಗಿ, ಬರಬರುತ್ತ ದ್ರುತವಾಗಿ, ವರ್ತುಲವಾಗಿ ಕುಣಿಯುತ್ತಾರೆ. ಉಳಿದ ದ್ವೀಪಗಳಲ್ಲಿ ಕೋಲ್ಕಳಿ ಮತ್ತು ಗುರಾಣಿ ಹಿಡಿದಾಡುವ ಪರಿಚಕಳಿ ಪ್ರಸಿದ್ಧ.

ಎಲೆಯ ಮೇಲೆ, ಆಕಾಶದ ಕೆಳಗೆ

ಊಟದ ವಿಚಾರದಲ್ಲಿ ದ್ವೀಪವು ಎರಡೇ ದೇವತೆಗಳನ್ನು ಬಲ್ಲುದು: ಟ್ಯೂನಾ ಮತ್ತು ತೆಂಗು. ಪುಡಿಮಾಡಿದ ಮಾಸನ್ನು ತೆಂಗಿನತುರಿ, ಅರಿಸಿನ, ಈರುಳ್ಳಿಗಳೊಡನೆ ಹುರಿದು ಅನ್ನಕ್ಕೆ ಕಲಸುವರು. ಅಕ್ಕಿಹಿಟ್ಟು, ಮೊಟ್ಟೆಗಳಿಂದ ಕಾಗದದಷ್ಟು ತೆಳ್ಳಗೆ ಮಾಡಿದ ಕಿಲಾಂಜಿಯನ್ನು ತೆಂಗಿನ ಹಾಲಿನ ಸಿಹಿರಸದೊಡನೆ ಬಡಿಸುವರು. ಮೀರಾ ಎಂದು ಅವರು ಕರೆಯುವ ತೆಂಗಿನ ನೀರಾವನ್ನು ಕುದಿಸಿ ಬೆಲ್ಲ ಮಾಡುವರು. ಹುಳಿಯಾಗಲು ಬಿಟ್ಟು ವಿನೆಗರ್ ಮಾಡುವರು. ಸಸ್ಯಾಹಾರಿಗಳು ಹಸಿವಿನಿಂದ ಬಳಲಬೇಕಾಗಿಲ್ಲ. ಆದರೆ ಅವರ ತಟ್ಟೆಯ ಬಹುಪಾಲು ತರಕಾರಿಯು ಅವರಂತೆಯೇ ಕಡಲು ದಾಟಿ ಬಂದುದಾಗಿರುತ್ತದೆ.

ಉಂಡ ಮೇಲೆ ದಂಡೆಗೆ ಹೋಗುವುದು ವಾಡಿಕೆ. ಅಮಾವಾಸ್ಯೆಯ ಹತ್ತಿರದ ಇರುಳಾದರೆ, ಕಾಲಿನಿಂದ ನೀರನ್ನು ಕದಡಿದೆಡೆಯಲ್ಲಿ ಕೆಲವೊಮ್ಮೆ ನೀಲಿಯ ಕಿಡಿಗಳು ಏಳುತ್ತವೆ. ಕಲಕಿದಾಗ ಬೆಳಕು ಸೂಸುವ ಏಕಕೋಶ ಜೀವಿಗಳ ಲೀಲೆಯದು. ಚಳಿಗಾಲದ ರಾತ್ರಿಗಳಲ್ಲಿ ದಕ್ಷಿಣಕ್ಕೆ ಅಗಸ್ತ್ಯನು ಬೆಳಗುತ್ತಾನೆ. ಏಪ್ರಿಲ್ ತಿಂಗಳ ಪ್ರಯಾಣಿಕರಿಗೆ ಕಡಲಿನಂಚಿನ ಮೇಲೆ ತ್ರಿಶಂಕು ನಕ್ಷತ್ರಪುಂಜವು ದೊರೆಯುತ್ತದೆ.

ಕೆನೆಯಷ್ಟೇ ಸಿಹಿನೀರು

ಇಷ್ಟು ವಿನೋದಗಳ ಮೂಲಧನವೆಷ್ಟೆಂದು ಕೇಳಿದರೆ ಉತ್ತರವು ಬಾವಿಯೊಳಗಿದೆ. ನದಿಯೂ ಕೆರೆಯೂ ಇಲ್ಲದ ಈ ದ್ವೀಪಗಳಲ್ಲಿ ಮಳೆಯ ನೀರು ಹವಳದ ಮರಳಿನೊಳಕ್ಕೆ ಇಂಗಿ, ತನಗಿಂತ ಭಾರವಾದ ಉಪ್ಪುನೀರಿನ ಮೇಲೆ ಹಾಲಿನ ಮೇಲಿನ ಕೆನೆಯಂತೆ ತೇಲಿಕೊಂಡಿರುತ್ತದೆ. ಉಬ್ಬರ ಬಂದಾಗ ಬಾವಿಯ ಮಟ್ಟವೂ ಏರುತ್ತದೆ. ಇಳಿತಕ್ಕೆ ಅದೂ ಇಳಿಯುತ್ತದೆ. ಅತಿಯಾಗಿ ಸೇದಿದರೆ ಕೆಳಗಿನ ಉಪ್ಪು ಮೇಲೇಳುತ್ತದೆ.

ಕವರತ್ತಿಯಲ್ಲಿ 2005ರಲ್ಲಿ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯು ದಿನಕ್ಕೆ 1 ಲಕ್ಷ ಲೀಟರು ಸಿಹಿನೀರನ್ನು ಕೊಡುವ ಸ್ಥಾವರವನ್ನು ಸ್ಥಾಪಿಸಿತು. ಮೇಲ್ಮೈಯ ಬೆಚ್ಚನೆಯ ಕಡಲನೀರನ್ನು ಕಡಿಮೆ ಒತ್ತಡದ ಪಾತ್ರೆಯಲ್ಲಿ ಆವಿಯಾಗಿಸಿ, ಸುಮಾರು 350 ಮೀಟರು ಆಳದಿಂದ ಎತ್ತಿತಂದ ತಣ್ಣೀರಿನಿಂದ ಆ ಆವಿಯನ್ನು ತಣಿಸಿ ನೀರಾಗಿಸುವ ಈ ಉಪಾಯಕ್ಕೆ ಕಡಲೇ ಒಲೆ, ಕಡಲೇ ಹಿಮ. ಇದು ತಿಳಿದ ಮೇಲೆ ಪ್ರವಾಸಿಗೃಹದ ಸ್ನಾನದ ಮನೆಯಲ್ಲಿ ನಲ್ಲಿಯನ್ನು ಸುಮ್ಮನೆ ತೆರೆದಿಡಲು ಯಾರಿಗೂ ಕೈಯೇಳದು.

ಹವಳದ ಸ್ಥಿತಿಯಾದರೋ ಇನ್ನೂ ಚಿಂತಾಜನಕ. ನೀರಿನ ಶಾಖವು ಮಿತಿಮೀರಿ ವಾರಗಟ್ಟಲೆ ನಿಂತರೆ ಪಾಲಿಪ್ ತನ್ನೊಳಗಿನ ಪಾಚಿಯನ್ನು ಹೊರದೂಡುತ್ತದೆ. ಅನ್ನದಾತನನ್ನು ಕಳೆದುಕೊಂಡು ಬೆಳ್ಳಗಾಗಿ, ಬಿಸಿ ಇಳಿಯದಿದ್ದರೆ ಸಾಯುತ್ತದೆ. 1998, 2010, 2016, 2024ರಲ್ಲಿ ಲಕ್ಷದ್ವೀಪವು ಈ ವಿಪತ್ತನ್ನು ಕಂಡಿತು. 1998ರಿಂದ ಈಚೆಗೆ ಜೀವಂತ ಹವಳದ ಹರವು ಸುಮಾರು ಅರ್ಧಕ್ಕಿಳಿದಿದೆ. ಗಿಳಿಮೀನಿಗೆ ಕಡಿಯಲು, ಕೋಡಂಗಿಮೀನಿಗೆ ಸಂಸಾರ ಹೂಡಲು, ಅಲೆಯನ್ನು ಹೊರಗೇ ತಡೆದು ಮಕ್ಕಳು ಎದೆಮಟ್ಟದ ನೀರಿನಲ್ಲಿ ಆಡಲು, ಎಲ್ಲಕ್ಕೂ ಬೇಕಾದುದು ಅದೊಂದೇ ಗೋಡೆ.

> ಹೊರಡುವ ಮುನ್ನ
>
> • ಅಕ್ಟೋಬರಿನಿಂದ ಮೇ ನಡುವಿನವರೆಗೆ ಸಕಾಲ. ಮಳೆಗಾಲದಲ್ಲಿ ಕಡಲು ಒರಟು.
>
> • ಭಾರತೀಯರಿಗೂ ಪ್ರವೇಶ ಪರವಾನಗಿ ಬೇಕು. ವಿಹಾರಗಳನ್ನು ಏರ್ಪಡಿಸುವ ಸರಕಾರಿ ಸಂಸ್ಥೆಯ ಹೆಸರು ಸ್ಪೋರ್ಟ್ಸ್.
>
> • ಕೊಚ್ಚಿಯಿಂದ ಹಡಗಿನಲ್ಲಿ, ದ್ವೀಪವನ್ನು ಅನುಸರಿಸಿ, ಸುಮಾರು 14ರಿಂದ 20 ಗಂಟೆ. ವಿಮಾನನಿಲ್ದಾಣ ಅಗತ್ತಿಯಲ್ಲಿದೆ, ಅದು ಆರಂಭವಾದದ್ದು 1988ರಲ್ಲಿ.
>
> • ಜನವಸತಿಯ ದ್ವೀಪಗಳಲ್ಲಿ ಮದ್ಯಪಾನ ನಿಷಿದ್ಧ. ಊರೊಳಗೆ ಉಡುಪು ಮರ್ಯಾದೆಯದ್ದಿರಲಿ.

ಪಟ್ಟಿಯಲ್ಲಿಲ್ಲದ ದಿನ

ಹೀಗಿರಲಾಗಿ, ಎಷ್ಟು ದ್ವೀಪಗಳನ್ನು ಕಂಡೆವೆಂಬ ಲೆಕ್ಕವು ಇಲ್ಲಿ ಪ್ರಯೋಜನಕ್ಕೆ ಬಾರದು. ದಿನಕ್ಕೊಂದು ದ್ವೀಪವೆಂದು ಓಡಾಡಿದವನ ಪಾಲಿಗೆ ಹಡಗಿನ ಏಣಿಯೂ ದೋಣಿಯ ಹಲಗೆಯೂ ಹೆಚ್ಚು ಪರಿಚಿತವಾಗುತ್ತವೆ. ಒಂದೇ ದ್ವೀಪದಲ್ಲಿ ನಿಂತು, ಅದೇ ಲಗೂನನ್ನು ಉಬ್ಬರದಲ್ಲೊಮ್ಮೆ, ಇಳಿತದಲ್ಲೊಮ್ಮೆ, ನಡುಬಿಸಿಲಿನಲ್ಲೊಮ್ಮೆ, ನಕ್ಷತ್ರದ ಬೆಳಕಿನಲ್ಲೊಮ್ಮೆ ನೋಡಿದವನು ನಾಲ್ಕು ಕಡಲುಗಳನ್ನು ಕಂಡು ಬರುತ್ತಾನೆ.

ಕಡೆಯದಾಗಿ ಒಂದು ವ್ಯಾವಹಾರಿಕ ಮಾತು. ಗಾಳಿ ಎದ್ದರೆ ಹಡಗು ತಡವಾಗುವುದುಂಟು. ದೋಣಿ ದಿಬ್ಬವನ್ನು ದಾಟಲೊಲ್ಲದೆ ಜನರು ಇನ್ನೊಂದು ರಾತ್ರಿ ದ್ವೀಪದಲ್ಲಿಯೇ ಉಳಿಯುವುದೂ ಉಂಟು. ಆಗ ಮೇಲಧಿಕಾರಿಗೆ ಫೋನು ಮಾಡಿ ಸಮುದ್ರದ ಮೇಲೆ ದೂರು ಹೇಳುವುದಕ್ಕಿಂತ, ರಜೆಯ ಅರ್ಜಿಯಲ್ಲಿಯೇ ಒಂದು ದಿನವನ್ನು ಹೆಚ್ಚಾಗಿ ಬರೆದು ಹೊರಡುವುದು ವಿವೇಕ. ಹಡಗು ಬಾರದಿದ್ದರೆ ಆ ದಿನವು ಯಾವ ಪಟ್ಟಿಯಲ್ಲಿಯೂ ಇಲ್ಲದ ವಿನೋದಕ್ಕೆ ಸಂದೀತು. ಹೊತ್ತಿಗೆ ಸರಿಯಾಗಿ ಬಂದರೆ, ಮೈಯ ಉಪ್ಪನ್ನೂ ಚೀಲದ ಮರಳನ್ನೂ ಕಿವಿಯ ನೀರನ್ನೂ ಕಳೆದುಕೊಳ್ಳಲು ಮನೆಯಲ್ಲಿ ಒಂದು ದಿನ ಹೇಗೂ ಬೇಕು.